ಅಪ್‌ಡೇಟ್: ಯಕ್ಷಗಾನಕ್ಕೂ ಚಿತ್ರಗೀತೆಗೂ ಒಂದೇ ಇಯರ್‌ಫೋನ್ ಸಾಕಾಯಿತು

ಹತ್ತು ದಿನಗಳ ಹಿಂದೆ ಕೇಳಿದ್ದೆ: ಉಡುಪಿ–ಮಂಗಳೂರು ಬಸ್ಸಿನಲ್ಲಿ ಯಕ್ಷಗಾನ ಕೇಳಿದರೆ ಚೆಂಡೆ ಕಿವಿಗೆ ಚುಚ್ಚುತ್ತದೆ, ಚಿತ್ರಗೀತೆಗಳಲ್ಲಿ ಬಾಸ್ (ತಗ್ಗಿನ, ಗುಡುಗಿನಂಥ ನಾದ) ಕೇಳಿಸುವುದೇ ಇಲ್ಲ, ಎರಡಕ್ಕೂ ಬೇರೆ ಬೇರೆ ಇಯರ್‌ಫೋನ್ ಬೇಕೇ ಎಂದು.

ಬೇಕಾಗಲಿಲ್ಲ. ಮೊದಲು ತುದಿಯ ರಬ್ಬರ್ ಬದಲಿಸಿ ಎಂದವರ ಮಾತೇ ಗೆದ್ದಿತು, ಅವರಿಗೆ ಮನಸಾರೆ ಕೃತಜ್ಞತೆ. ರಬ್ಬರ್ ಬದಲು ಹಾಕಿದ ಫೋಮ್ (ಸ್ಪಂಜಿನಂಥ) ತುದಿಯನ್ನು ಬೆರಳಿನಿಂದ ಹಿಸುಕಿ ಕಿವಿಯೊಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದುಕೊಂಡೆ. ಗಾಳಿ ಸೋರುವ ಸಂದು ಮುಚ್ಚಿದೊಡನೆ ಬಾಸ್ ಮರಳಿತು. ಮದ್ದಳೆಯ ಎಡಗೈ ನಾದ ಅಷ್ಟು ತುಂಬಿಕೊಂಡಿರುತ್ತದೆ ಎಂದು ತಿಳಿದೇ ಇರಲಿಲ್ಲ! ಬಸ್ಸಿನ ಸದ್ದೂ ತಗ್ಗಿದ್ದರಿಂದ ವಾಲ್ಯೂಮ್ ಇಳಿಸಿದೆ, ಚೆಂಡೆಯ ಚುಚ್ಚು ಅರ್ಧ ಅಲ್ಲಿಗೇ ನಿಂತಿತು. ಉಳಿದದ್ದಕ್ಕೆ ಈಕ್ವಲೈಸರ್‌ನಲ್ಲಿ (ತಗ್ಗು, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗ್) ಚುಚ್ಚುವ ಎತ್ತರದ ಸ್ವರಗಳಿರುವ 4 ಕಿಲೋಹರ್ಟ್ಸ್ ಪಟ್ಟಿಯನ್ನು 3 ಡೆಸಿಬೆಲ್ ಕೆಳಗಿಳಿಸಿದೆ. ಇನ್ನೂ ಇಳಿಸಿದರೆ ಭಾಗವತರ ಸಾಹಿತ್ಯ ಮಸುಕಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ಬಾಸ್ ಬೂಸ್ಟ್, ಅಂದರೆ ಬಾಸ್ ಏರಿಸುವ ಸೆಟ್ಟಿಂಗ್, ಹಾಕಿ ಎಂಬ ಸಲಹೆ ಫಲಿಸಲಿಲ್ಲ. ಗೆಳೆಯನ ದುಬಾರಿ ಇಯರ್‌ಫೋನ್ ಕೂಡ ನನ್ನ ಹಳೆಯ ತುದಿಗಳೊಂದಿಗೆ ಅಷ್ಟೇ ಪೊಳ್ಳಾಗಿ ಕೇಳಿಸಿತು.

ಅಚ್ಚರಿಯೆಂದರೆ, ನನ್ನ ಎಡಗಿವಿಗೆ ಮಧ್ಯಮ ಅಳತೆಯ ತುದಿ ಹೊಂದುತ್ತದೆ, ಬಲಗಿವಿಗೆ ದೊಡ್ಡದು. ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ಹಾಕಿ ನೋಡಿ. ನಮ್ಮ ಸೆಕೆಗೆ, ಬೆವರಿಗೆ ಫೋಮ್ ಬೇಗ ಹಾಳಾಗುತ್ತದೆ. ಇನ್ನೊಂದು ಜೊತೆ ಈಗಲೇ ತಂದಿಟ್ಟಿದ್ದೇನೆ.