ವೀಕೆಂಡ್‌ನಲ್ಲಿ ಫ್ಲ್ಯಾಟ್ ನೋಡೋಕೆ ಹೋಗೋದು: ಎಲ್ಲಿ ಹುಡುಕೋದು, ಹೋದಲ್ಲಿ ಏನು ನೋಡೋದು?

ಕೋಣನಕುಂಟೆ_ಬಾಡಿಗೆಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಜೆ.ಪಿ. ನಗರ 7ನೇ ಹಂತ, ಕನಕಪುರ ರಸ್ತೆ, ಉತ್ತರಹಳ್ಳಿ ಕಡೆ 2 ಬಿಎಚ್‌ಕೆ ಹುಡುಕ್ತಾ ಇದ್ದೀವಿ. ಬಜೆಟ್ 90 ಲಕ್ಷ. ಹೊಸದಾದರೂ ಸರಿ, ರೀಸೇಲ್ ಆದರೂ ಸರಿ. ಅಮೆರಿಕದಲ್ಲಿ ಭಾನುವಾರ ಓಪನ್ ಹೌಸ್ ಅಂತ ಬಾಗಿಲು ತೆಗೆದಿಡ್ತಾರಂತೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದಂತೆ. ನಮ್ಮಲ್ಲಿ ಅಂಥದ್ದು ಸಿಗುತ್ತಾ? ಪೋರ್ಟಲ್‌ನಲ್ಲಿ ನಂಬರ್ ಹಾಕಿದ್ರೆ ದಿನವಿಡೀ ಫೋನ್. ನೋಡೋಕೆ ಹೋದಾಗ ಕೈಯಲ್ಲಿ ಏನಿರಬೇಕು, ಏನೇನು ಪರೀಕ್ಷೆ ಮಾಡಬೇಕು ತಿಳಿದವರು ಹೇಳಿ.

ವಜರಹಳ್ಳಿ_ವಾಸಿ

ಇಲ್ಲಿ ಓಪನ್ ಹೌಸ್ ಅಂತ ಬೋರ್ಡ್ ಕಂಡರೆ, ಅದು ಬಹುಮಟ್ಟಿಗೆ ಬಿಲ್ಡರ್ ತನ್ನ ಮಾರದೆ ಉಳಿದ ಫ್ಲ್ಯಾಟ್‌ಗಳನ್ನ ಖಾಲಿ ಮಾಡೋಕೆ ಶನಿವಾರ, ಭಾನುವಾರ ಮಾಡುವ ಮೇಳ. ಹೋಗಬಾರದು ಅಂತಲ್ಲ. ಆದರೆ ಗೇಟಲ್ಲಿ ಫೋನ್ ನಂಬರ್ ಬರೆಯೋ ಮುಂಚೆ ಒಂದು ವಿಷಯ ಗೊತ್ತಿರಲಿ. ನೀವು ಮೊದಲ ಸಲ ಯಾವ ಏಜೆಂಟ್ ಜೊತೆ ಹೋಗ್ತೀರೋ ಅಥವಾ ಯಾವ ಪೋರ್ಟಲ್ ಮೂಲಕ ವಿಚಾರಿಸ್ತೀರೋ, ಬಿಲ್ಡರ್ ಕಡೆಯವರು ನಿಮ್ಮ ನಂಬರನ್ನ ಅವರ ಹೆಸರಿಗೆ ಕಟ್ಟಿಬಿಡ್ತಾರೆ. ಆಮೇಲೆ ನೇರವಾಗಿ ಹೋದರೂ ಆ ಏಜೆಂಟ್ ಕಮಿಷನ್ ನಿಮ್ಮ ಬೆಲೆಯೊಳಗೇ ಕೂತಿರುತ್ತೆ, ಚೌಕಾಸಿಗೆ ಜಾಗ ಕಡಿಮೆ. ಮನೆ ಹುಡುಕೋಕೇ ಬೇರೆ ಸಿಮ್ ಇಟ್ಕೊಳ್ಳಿ. ಪ್ರಾಜೆಕ್ಟ್ ಮನಸ್ಸಿಗೆ ಬರೋವರೆಗೆ ಯಾರ ಜೊತೆಗೂ ಹೋಗಬೇಡಿ.

ಹೊಸ ಪ್ರಾಜೆಕ್ಟ್ ಆದರೆ ಮನೆಯಲ್ಲೇ ಕೂತು ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸೈಟ್‌ನಲ್ಲಿ ಪ್ರಾಜೆಕ್ಟ್ ತೆಗೀರಿ. ಮಂಜೂರಾದ ನಕ್ಷೆ, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ), ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ, ಮುಗಿಸುವ ದಿನಾಂಕ ಎಲ್ಲ ಅಲ್ಲೇ ಸಿಗುತ್ತೆ. ಬ್ರೋಷರ್‌ನಲ್ಲಿರೋ ಗಾರ್ಡನ್ ಮಂಜೂರಾದ ನಕ್ಷೆಯಲ್ಲಿ ಇಲ್ಲದೇ ಹೋದರೆ ಆ ಭಾನುವಾರ ಉಳೀತು ಅಂದ್ಕೊಳ್ಳಿ.

ರೀಸೇಲ್‌ಗೆ ದಾರಿ ಬೇರೆ. ಮೊದಲು ಫ್ಲ್ಯಾಟ್ ಅಲ್ಲ, ಕಟ್ಟಡ ಆರಿಸಿ. ಹಸಿರು ಮೆಟ್ರೋ ಮಾರ್ಗದಲ್ಲಿ ಕೋಣನಕುಂಟೆ ಕ್ರಾಸ್‌ನಿಂದ ತಲಘಟ್ಟಪುರದವರೆಗೆ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿರೋ ನಾಲ್ಕೈದು ಅಪಾರ್ಟ್‌ಮೆಂಟ್ ಗುರುತು ಮಾಡಿ, ಸೆಕ್ಯುರಿಟಿಯವರನ್ನೋ ಅಸೋಸಿಯೇಷನ್ ಆಫೀಸನ್ನೋ ಕೇಳಿ. ಯಾವ ಮನೆ ಮಾರಾಟಕ್ಕಿದೆ ಅಂತ ಪೋರ್ಟಲ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತೆ. ಒಂದೇ ಕಟ್ಟಡದ ಎರಡು ಮೂರು ಮನೆ ಒಂದೇ ದಿನ ನೋಡಿದರೆ ಹೋಲಿಕೆಗೆ ಸುಲಭ. ಏಜೆಂಟ್ ಇದ್ದರೆ ಅವರ ರೇರಾ ನೋಂದಣಿ ನಂಬರ್ ಕೇಳಿ, ಕಮಿಷನ್ ಎಷ್ಟು ಅಂತ ಮನೆ ನೋಡೋ ಮುಂಚೆಯೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಸೈಟ್_ಇಂಜಿನಿಯರ್

ತಗೊಂಡು ಹೋಗಬೇಕಾದ್ದು: 5 ಮೀಟರ್ ಟೇಪು, ಟಾರ್ಚ್, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್, ಸಾಕೆಟ್‌ಗೆ ಚುಚ್ಚುವ ತ್ರೀ ಪಿನ್ ಅರ್ಥಿಂಗ್ ಟೆಸ್ಟರ್. ಬಕೆಟ್ಟು, ಮಗ್ಗು ಆ ಮನೆಯಲ್ಲೇ ಇರುತ್ತೆ. ಸರಿಯಾಗಿ ನೋಡೋಕೆ ಮುಕ್ಕಾಲು ಗಂಟೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸುವ ಏಜೆಂಟ್ ಜೊತೆ ಹೋಗಬೇಡಿ.

ನಮ್ಮೂರಿನ ಫ್ಲ್ಯಾಟ್‌ಗಳಲ್ಲಿ ಹೆಚ್ಚು ತಲೆನೋವು ಕೊಡೋದು ಬಾತ್‌ರೂಮ್. ಬಾಗಿಲ ಹತ್ತಿರ ಒಂದು ಮಗ್ಗು ನೀರು ಸುರಿದು ನೋಡಿ. ವಾಟ (ನೆಲದ ಇಳಿಜಾರು) ಸರಿಯಿದ್ದರೆ ನೀರು ನೆಟ್ಟಗೆ ಜಾಲಿಗೆ ಹೋಗುತ್ತೆ. ಬಾಗಿಲ ಕಡೆ ನಿಂತರೆ ಚೌಕಟ್ಟಿನ ಬುಡವನ್ನ ಹೆಬ್ಬೆರಳಲ್ಲಿ ಒತ್ತಿ. ಕೆಳಗಿನ ಅರ್ಧ ಅಡಿ ಮೆತ್ತಗಾಗಿದ್ದರೆ ವರ್ಷಗಟ್ಟಲೆ ನೀರು ಕುಡಿದಿದೆ ಅಂತ ಅರ್ಥ. ಆಮೇಲೆ ಬಾತ್‌ರೂಮ್ ಗೋಡೆಯ ಆ ಬದಿಯಲ್ಲಿ ಏನಿದೆ ನೋಡಿ. ಬಹಳ ಮನೆಗಳಲ್ಲಿ ಬೆಡ್‌ರೂಮಿನ ವಾರ್ಡ್‌ರೋಬ್ ಇರುತ್ತೆ. ಕೆಳಗಿನ ಖಾನೆಯ ಬಟ್ಟೆ ಸರಿಸಿ ಹಿಂದಿನ ಹಲಗೆಗೆ ಟಾರ್ಚ್ ಬಿಡಿ. ಮುಗ್ಗಲು ವಾಸನೆ, ಪ್ಲೈವುಡ್ ಉಬ್ಬು, ಗೋಡೆ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಂಡರೆ ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಬಾತ್‌ರೂಮಿನ ಫಾಲ್ಸ್ ಸೀಲಿಂಗ್‌ಗೆ ಮುಚ್ಚಳ ಇದ್ದರೆ ಎತ್ತಿ ನೋಡಿ, ಮೇಲಿನ ಮನೆಯ ಪೈಪು ಸೋರ್ತಿದ್ದರೆ ಸ್ಲ್ಯಾಬ್ ಮೇಲೆ ಕಂದು ಕಲೆ ಇರುತ್ತೆ. ಮನೆಯೆಲ್ಲ ಹಳೇ ಪೇಂಟ್, ಒಂದು ಗೋಡೆ ಮಾತ್ರ ಹೊಸದು ಅಂದರೆ ಕಾರಣ ಕೇಳಿ.

ನೀರಿನ ರಭಸ: ಶವರ್ರೂ ಅಡುಗೆಮನೆ ನಲ್ಲಿಯೂ ಒಟ್ಟಿಗೆ ಬಿಡಿ. ಶವರ್ ಕೆಳಗಿಟ್ಟ 15 ಲೀಟರ್ ಬಕೆಟ್ ಒಂದೂವರೆ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್, ಸಾಕು. ತುಂಬೋಕೆ ಮೂರು ನಿಮಿಷ ಬೇಕಾದರೆ ಪ್ರೆಷರ್ ಪಂಪ್ ಹಾಕಿಸಬೇಕಾಗುತ್ತೆ. ಟಾಪ್ ಫ್ಲೋರ್‌ನಲ್ಲಿ ಈ ತೊಂದರೆ ಹೆಚ್ಚು. ಟ್ಯಾಂಕ್ ನೆತ್ತಿ ಮೇಲೇ ಇದ್ದರೂ ಎತ್ತರ ಸಿಗಲ್ಲ, 3 ಮೀಟರ್‌ಗೆ ಬರುವ ಒತ್ತಡ 0.3 ಬಾರ್ ಅಷ್ಟೇ.

ಬಿರುಕುಗಳಿಗೆಲ್ಲ ಹೆದರಬೇಡಿ. ಬೀಮ್‌ಗೂ ಬ್ಲಾಕ್ ಗೋಡೆಗೂ ಸೇರುವಲ್ಲಿ ಕೂದಲೆಳೆ ಬಿರುಕು ಸಾಮಾನ್ಯ. ಕಂಬದಲ್ಲಿ ಅಥವಾ ಕಿಟಕಿ ಮೂಲೆಯಿಂದ ಓರೆಯಾಗಿ ಓಡಿದ, ನಾಣ್ಯದ ಅಂಚು ಹೋಗುವಷ್ಟು ಅಗಲದ ಬಿರುಕು ಇದ್ದರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಇನ್ನು ಲೆಕ್ಕ. 1,200 ಚದರಡಿ, ಅಡಿಗೆ 7,500 ಅಂದರೆ ಅದು ಸೂಪರ್ ಬಿಲ್ಟ್‌ಅಪ್, ಅಂದರೆ ಮೆಟ್ಟಿಲು, ಲಿಫ್ಟ್, ಕಾರಿಡಾರಿನ ಪಾಲೂ ಸೇರಿದ ಅಳತೆ. ಅದರ ಕಾರ್ಪೆಟ್ 810 ಇದ್ದರೆ ನೀವು ಕೊಡ್ತಿರೋದು ಅಡಿಗೆ 11,100 ಚಿಲ್ಲರೆ. ಎರಡು ಮನೆ ಹೋಲಿಸುವಾಗ ಕಾರ್ಪೆಟ್ ಲೆಕ್ಕದಲ್ಲೇ ಹೋಲಿಸಿ. ರೇರಾ ಕಾರ್ಪೆಟ್‌ನಲ್ಲಿ ಬಾಲ್ಕನಿ ಸೇರಲ್ಲ, ಒಳಗಿನ ಗೋಡೆಗಳು ಸೇರುತ್ತವೆ. ಮಾಡೆಲ್ ಫ್ಲ್ಯಾಟ್‌ನಲ್ಲಿ ಬಾಗಿಲು ಹಾಕಿರಲ್ಲ, ಮಂಚ ಚಿಕ್ಕದು, ಗೋಡೆ ತುಂಬ ಕನ್ನಡಿ. ಟೇಪು ತೆಗೆದು 5 x 6.5 ಅಡಿ ಮಂಚ ಹಾಕಿದ ಮೇಲೆ ವಾರ್ಡ್‌ರೋಬ್ ಬಾಗಿಲು ತೆರೆಯೋಕೆ ಜಾಗ ಉಳಿಯುತ್ತಾ ಅಳೆಯಿರಿ. ನಿಮಗೆ ಕೊಡುವ ಮಹಡಿಯನ್ನೇ, ಹೆಲ್ಮೆಟ್ ಹಾಕ್ಕೊಂಡಾದರೂ ಸರಿ, ಹತ್ತಿ ನೋಡಿ.

ಉತ್ತರಹಳ್ಳಿ_ಉಸ್ತುವಾರಿ

ಮೇಲಿನವರು ಮನೆ ಒಳಗಿನದ್ದು ಹೇಳಿದ್ದಾರೆ. ನಾನು ಅಪಾರ್ಟ್‌ಮೆಂಟ್ ನಿರ್ವಹಣೆ ಕಡೆಯಿಂದ ಹೇಳ್ತೀನಿ.

ಕಾವೇರಿ ನೀರು ಇದೆ ಅಂತ ಎಲ್ಲರೂ ಹೇಳ್ತಾರೆ. ಪೈಪ್ ಬಂದಿರೋದು ಬೇರೆ, ನೀರು ಬರೋದು ಬೇರೆ. ಜಲಮಂಡಳಿ ಬಿಲ್ ತೋರಿಸಿ ಅನ್ನಿ, ಅದರಲ್ಲಿ ಬಳಕೆ ಎಷ್ಟು ಕಿಲೋ ಲೀಟರ್ ಅಂತ ಇರುತ್ತೆ. ಅದನ್ನ ಮನೆಗಳ ಸಂಖ್ಯೆಯಿಂದ ಭಾಗಿಸಿ. ತಿಂಗಳಿಗೆ ಒಂದು ಮನೆಗೆ 3 ಕಿಲೋ ಲೀಟರ್ ಬಂದರೆ ದಿನಕ್ಕೆ 100 ಲೀಟರ್, ಮಿಕ್ಕಿದ್ದು ಬೋರ್‌ವೆಲ್ಲು, ಟ್ಯಾಂಕರ್ರು. ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚು ಕೇಳಿ, ಡಿಸೆಂಬರ್‌ದ್ದಲ್ಲ. ನಲ್ಲಿ ನೀರಿನ ಟಿಡಿಎಸ್ 500 ದಾಟಿದರೆ ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಅಪೇಕ್ಷಿತ ಮಿತಿ ಮೀರಿದೆ, ಗೀಸರ್ ಕಾಯಿಲ್, ವಾಷಿಂಗ್ ಮಷಿನ್ ಬೇಗ ಹಾಳಾಗುತ್ತೆ.

ಎರಡನೇ ಸಲ ಹೋಗುವಾಗ ಜೋರು ಮಳೆ ಬಂದ ಮರುದಿನ ಹೋಗಿ, ಸೀದಾ ಬೇಸ್‌ಮೆಂಟ್‌ಗೆ. ಗೋಡೆ ಮೇಲೆ ನೀರಿನ ಗೆರೆ, ಲಿಫ್ಟ್ ಗುಂಡಿಯಲ್ಲಿ ನೀರು, ಮೂಲೆಯಲ್ಲಿ ಸದಾ ಓಡುವ ಪಂಪು ಇದ್ದರೆ ವಿಚಾರಿಸಿ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆಗೆದು ಅಲ್ಲೇ ನಿಂತರೆ ಸರ್ವೆ ನಂಬರೂ ಗ್ರಾಮ ನಕಾಶೆಯ ಹಳ್ಳ, ಕೆರೆಗಳೂ ಕಾಣುತ್ತವೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) ಬಿಡಬೇಕಾದ ಜಾಗ ಅದರ ದರ್ಜೆ ನೋಡಿ 50, 25 ಅಥವಾ 15 ಮೀಟರ್. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಎಲ್ಲಿದೆ ಕೇಳಿ, ಅದರ ಮೇಲಿನ ಮನೆಗೆ ಬೆಳಗ್ಗೆ ಹೊತ್ತು ಹೋಗಿ ಕಿಟಕಿ ತೆಗೀರಿ. ಭಾನುವಾರ ಮಧ್ಯಾಹ್ನ ಕನಕಪುರ ರಸ್ತೆ ಎಷ್ಟು ಸಲೀಸು ಅಂತ ನೋಡಿ ಮೋಸ ಹೋಗಬೇಡಿ, ಕೆಲಸದ ದಿನ ಬೆಳಗ್ಗೆ ಒಂಬತ್ತಕ್ಕೆ ಗೇಟಿಂದ ಹೊರಗೆ ಬಂದು ನೋಡಿ. ಪಾರ್ಕಿಂಗ್‌ನಲ್ಲಿ ನಿಮ್ಮ ಕಾರನ್ನೇ ಹಾಕಿ, ಬಾಗಿಲು ತೆಗೆದು ಇಳೀರಿ.

ಕೋಣನಕುಂಟೆ_ಬಾಡಿಗೆಮನೆ

ತುಂಬಾ ಉಪಕಾರ ಆಯ್ತು. ಒಂದೇ ಅನುಮಾನ: ಜನ ವಾಸ ಇರೋ ಮನೆಯಲ್ಲಿ ವಾರ್ಡ್‌ರೋಬ್ ತೆಗೆದು ನೋಡೋದು ಹೇಗೆ? ಮುಜುಗರ ಆಗಲ್ವಾ? ಮತ್ತೆ ಟೋಕನ್ (ಮುಂಗಡ) ಈಗಲೇ ಕೊಡಿ, ಇನ್ನೊಬ್ಬರು ಕಾಯ್ತಿದ್ದಾರೆ ಅಂತಾರೆ.

ವಜರಹಳ್ಳಿ_ವಾಸಿ

ಮೊದಲ ಸಲ ಕೈ ಹಾಕಬೇಡಿ. ಇಷ್ಟ ಆದರೆ ಎರಡನೇ ಭೇಟಿಗೆ ಮುಂಚೆ ಫೋನ್‌ನಲ್ಲೇ ಹೇಳಿ, "ಮೇಡಂ, ಬಾತ್‌ರೂಮ್ ಪಕ್ಕದ ವಾರ್ಡ್‌ರೋಬ್ ಒಳಗೋಡೆ ನೋಡಬೇಕು, ಸ್ವಲ್ಪ ಖಾಲಿ ಮಾಡಿಕೊಡ್ತೀರಾ" ಅಂತ. ನಿಜವಾಗಿ ಮಾರೋರು ಒಪ್ತಾರೆ.

ಇನ್ನೊಬ್ಬರು ಯಾವಾಗಲೂ ಕಾಯ್ತಾನೇ ಇರ್ತಾರೆ, ಬಿಡಿ. ಟೋಕನ್‌ಗೆ ಮುಂಚೆ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಓಸಿ (ವಾಸಯೋಗ್ಯ ಪತ್ರ), ಅಸೋಸಿಯೇಷನ್ ಬಾಕಿ ಇಲ್ಲ ಅನ್ನೋ ಪತ್ರ, ಇವುಗಳ ಪ್ರತಿ ಕೈಗೆ ಬರಲಿ. ಇಸಿಯನ್ನ (ಋಣಭಾರ ಪತ್ರ) ಅವರು ಕೊಟ್ಟದ್ದು ನಂಬದೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೀರಿ. ಟೋಕನ್ ಬ್ಯಾಂಕ್ ಮೂಲಕವೇ ಕೊಡಿ, ಲೋನ್ ಆಗದಿದ್ದರೆ ಅಥವಾ ದಾಖಲೆಯಲ್ಲಿ ತೊಡಕು ಕಂಡರೆ ಎಷ್ಟು ದಿನದಲ್ಲಿ ವಾಪಸ್ ಅಂತ ಬರೆಸಿಕೊಳ್ಳಿ. ರೇರಾ ಪ್ರಾಜೆಕ್ಟ್ ಆದರೆ ಕರಾರು ನೋಂದಣಿ ಆಗೋವರೆಗೆ ಬಿಲ್ಡರ್ 10% ಮೀರಿ ತಗೊಳ್ಳೋ ಹಾಗಿಲ್ಲ.

90 ಲಕ್ಷ ಬಜೆಟ್ ಅಂದಿರಲ್ಲ, ಅದರಲ್ಲಿ ನೋಂದಣಿ ಖರ್ಚು ಸೇರಿದೆಯಾ? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ 5.6%. ಒಟ್ಟು 7.6%, ಅಂದರೆ 90 ಲಕ್ಷಕ್ಕೆ 6.84 ಲಕ್ಷ. ಬಿಲ್ಡರ್ ಇನ್ನೂ ಕಟ್ತಾ ಇದ್ದರೆ ಮನೆ ಬೆಲೆಯ ಮೇಲೆ 5% ಜಿಎಸ್‌ಟಿ ಬೇರೆ. ಇದೆಲ್ಲ 90ರೊಳಗೇ ಆಗಬೇಕು ಅಂದರೆ 80ರಿಂದ 83 ಲಕ್ಷದ ಮನೆಗಳನ್ನೇ ನೋಡಿ.