ಹೊಸ ಪ್ಲಾಟ್ ನಿವಾಸಿಗಳ ಗುಂಪು: ಕ್ರಾಸ್‌ನಿಂದ ಮನಿತನಕ ಗಾಡಿ

ಗಿರಣಿ ಅಣ್ಣ, ರಾತ್ರಿ 10:48
ಮಲಗೂದಕ್ಕಿಂತ ಮೊದಲ ಎಲ್ಲಾರೂ ಓದ್ರಿ. ಇವತ್ತೂ ಸಂಜಿ ಬಸ್ ಮಂದಿನ್ನ ಕ್ರಾಸ್‌ನ್ಯಾಗ ಇಳಿಸಿ ಹಂಗ ಹೋಗೈತಿ. ಕೋರಿಕೆ ನಿಲುಗಡೆ ಬೋರ್ಡ್ ಕೆಳಗ ಮೂರು ಮಂದಿ ಹಿರ್ಯಾರು ಕತ್ತಲದಾಗ ಎರಡು ತಾಸು ಕುಂತಾರ. ಅದರಾಗ ಒಬ್ಬಾಕಿ ಡಯಾಲಿಸಿಸ್ ಮುಗಿಸಿ ಬಂದಾಕಿ, ಕೈಗೆ ಪಟ್ಟಿ ಹಂಗ ಐತಿ. ಟಂಟಂದವ 200 ಕೇಳ್ಯಾನ. ಸಂಧ್ಯಾ ಸುರಕ್ಷಾದ್ದು ತಿಂಗಳಿಗೆ 1200 ಬರತೈತಿ, ಆರು ರಾತ್ರಿಗೆ ಖಾಲಿ. ನಾವೆಲ್ಲಾ ಮನ್ಯಾಗ ಉಂಡು ಕುಂತಿದ್ವಿ. ನಾಚಿಕಿ ಬರಬೇಕು.

ಆಶಾ ಅಕ್ಕ, 10:55
ಅಣ್ಣಾರ, ಡಯಾಲಿಸಿಸ್ ವಾರಕ್ಕ 3 ಸಲ, ಒಂದೊಂದು ಸಲ 4 ತಾಸು. ಮುಗಿದ ಮ್ಯಾಲ ಬಿಪಿ ಇಳೀತೈತಿ, ತಲಿ ತಿರಗತೈತಿ. ಆ ಸ್ಥಿತಿಯೊಳಗ 3 ಕಿಲೋಮೀಟರ್ ನಡ್ಸೂದು ಆಗೂ ಮಾತಲ್ಲ. 108 ದವಾಖಾನಿಗೆ ಒಯ್ಯತೈತಿ, ಮನಿಗೆ ತಂದು ಬಿಡಂಗಿಲ್ಲ. ನಗು-ಮಗು ಗಾಡಿ ಬಾಣಂತ್ಯಾರಿಗೆ ಅಷ್ಟ. ನಡುವಿನ ಮಂದಿಗೆ ಏನೂ ಇಲ್ಲ.

ಮಾಜಿ ಮೆಂಬರ್, 10:57
ಊರೊಳಗ ಬಸ್ ಬರೂದು ಯಾಕ ನಿಂತೈತಿ ಅದನ್ನ ಮೊದಲ ಮಾತಾಡ್ರಿ. ಗುಡಿ ಮುಂದ ಹೊಳ್ಳೂ ಜಾಗಾದಾಗ ತಿಪ್ಪಿ ಯಾರದು? ಹೆಸರು ಹೇಳ್ಲ್ಯಾ?

ಹಳೇ ಓಣಿ ತಮ್ಮ, 10:58
ತಿಪ್ಪಿ ಇಪ್ಪತ್ತು ವರ್ಷದಿಂದ ಐತ್ರಿ. ಬಸ್ ನಿಂತದ್ದು ನಳದ ಪೈಪಿಗೆ ರಸ್ತೆ ಅಗದ ಮ್ಯಾಲ.

ಮಾಜಿ ಮೆಂಬರ್, 10:58
ಅಗಿಯಾಕ ಅಡ್ಡ ನಿಂತವರ ಪೈಪ್ ಬೇಕು ಅಂತ ಕೂಗಿದ್ರು.

ಕಂಡಕ್ಟರ್ ಕಾಕಾ (ನಿವೃತ್ತ), 11:06
ಇಬ್ಬರದೂ ಅರ್ಧ ಖರೆ. ದೊಡ್ಡ ಬಸ್ ಒಂದ ಏಟಿಗೆ ಹೊಳ್ಳಾಕ 70-80 ಅಡಿ ಅಗಲ ಬೇಕು. ತಿಪ್ಪಿ ಇದ್ದಾಗ ರಿವರ್ಸ್ ತೊಗೊಂಡು ಹೊಳ್ಳಸ್ತಿದ್ರು. ಈಗ ಹಿಂದಿನ ಗಾಲಿ ಬರೂ ಜಾಗಾದಾಗ ಪೈಪಿನ ಗುಂಡಿ ಐತಿ. ಕತ್ತಲದಾಗ ಯಾವ ಡ್ರೈವರೂ ಅಲ್ಲಿ ರಿವರ್ಸ್ ಹಾಕಂಗಿಲ್ಲ, ಎಕ್ಸಲ್ ಕುಂತ್ರ ಅವನ ಮ್ಯಾಲ ಬರತೈತಿ. ರಾತ್ರಿ ಊರಾಗ ಉಳಿಯೂ ವಸ್ತಿ ಬಸ್ ಕೇಳಬೇಕಾದ್ರ ಪಂಚಾಯ್ತಿ ಠರಾವು, ಊರಾಗಿನ ಪ್ರಯಾಣಿಕರ ಲೆಕ್ಕ, ಡ್ರೈವರ್-ಕಂಡಕ್ಟರ್‌ಗೆ ಮಲಗಾಕ ಖೋಲಿ, ಇಷ್ಟನ್ನೂ ಬರೆದು ಡಿಪೋಕ್ಕ ಕೊಡಬೇಕು. ಅದಕ್ಕ ತಿಂಗಳು ಹಿಡೀತಾವು. ಅಲ್ಲೀತನಕ ಸಣ್ಣ ಗಾಡಿ ಬೇಕು.

ಹುಬ್ಬಳ್ಳಿ ಅಳಿಯ, 11:07
ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನಮ್ಮೂರಿಗೂ ಬಿಡ್ಸ್ರಿ, ಹೊಲದಾಗಿನ ಚಿಗರಿ ಸಂಗಾಟ ಓಡತೈತಿ 😂

ಸೊಸೈಟಿ ಸರ್, 11:21
ಸಣ್ಣ ಗಾಡಿ ಅಂದ್ರ ಹೆಂಗ ನಡಸೂದು, ಬರದೇನಿ. ದಿನಾ ಖಾಲಿ ತಿರಗೂ ಗಾಡಿ ಬ್ಯಾಡ. ಕರೆದಾಗ ಬರೂ ಗಾಡಿ. ಹಿಂದಿನ ರಾತ್ರಿ 8ರೊಳಗ ಒಂದ ನಂಬರಿಗೆ ಫೋನ್. ವಹಿಯೊಳಗ ಐದು ಕಲಂ: ಹೆಸರು, ಹತ್ತೂ ಜಾಗ, ಯಾವ ಬಸ್ ಹಿಡೀಬೇಕು, ಹೊಳ್ಳಿ ಯಾವಾಗ, ನಡ್ಯಾಕ ಆಗತೈತೋ ಇಲ್ಲೋ. ಆ್ಯಪ್ ಬ್ಯಾಡ, ಕೀಪ್ಯಾಡ್ ಮೊಬೈಲ್ ಇದ್ದವ್ರಿಗೇ ಇದು ಬೇಕಾಗಿದ್ದು. ಗಾಡಿ ಸೀದಾ ಹುಬ್ಬಳ್ಳಿತನಕ ಬ್ಯಾಡ, ಕ್ರಾಸ್‌ತನಕ ಅಷ್ಟ. ಅಲ್ಲಿ ಬಸ್ಸಿಗೆ ಜೋಡಸೂದು, ಬಸ್ ಬರೂದಕ್ಕಿಂತ 10 ನಿಮಿಷ ಮೊದಲ.

ಎಲ್ಲಾರ ಮನಿ ಮುಂದ ನಿಂದ್ರಸಾಕ ಹೋದ್ರ ಕೆಡತೈತಿ. ಒಂದೊಂದು ಮನಿಗೆ 5 ನಿಮಿಷ ಹಿಡೀರಿ, ಆರು ಮನಿಗೆ ಅರ್ಧ ತಾಸು. ಮೊದಲ ಹತ್ತಿದವ್ರಿಗೆ ಬಸ್ ತಪ್ಪತೈತಿ. ನಾಕು ನಿಲುಗಡೆ ಸಾಕು: ನೀರಿನ ಟಾಕಿ, ಅಂಗನವಾಡಿ, ಗುಡಿ, ಗಿರಣಿ. ಮನಿ ಬಾಗಲಿಗೆ ಬರೂದು ನಡ್ಯಾಕ ಆಗದವ್ರಿಗೆ ಮಾತ್ರ.

ಹೊಳ್ಳಿ ಬರೂದು ಇನ್ನೂ ಸೂಕ್ಷ್ಮ. ದವಾಖಾನ್ಯಾಗ ಚೀಟಿ ಸಾಲು ಎಷ್ಟೊತ್ತಿಗೆ ಮುಗೀತೈತಿ ಅಂತ ಯಾರಿಗೂ ಗೊತ್ತಿರಂಗಿಲ್ಲ. ಅದಕ್ಕ ಹೊಳ್ಳೂ ಟೈಮ್ ಬರ್ಕೋಬ್ಯಾಡ್ರಿ, ‘ಬಸ್ ಹತ್ತಿದ ಕೂಡ್ಲೆ ಫೋನ್’ ಅಂತ ಬರ್ಕೋರಿ.

ಮಾಜಿ ಮೆಂಬರ್, 11:23
ಉದ್ದ ಮೆಸೇಜ್ ಯಾರೂ ಓದಂಗಿಲ್ಲ. ತಿಪ್ಪಿ ಮಾತಿಗೆ ಉತ್ತರ ಕೊಡ್ರಿ.

ಕ್ರೂಸರ್ ಮಾಲಕ, 11:34
ಓದೇನ್ರಿ ಸರ್. ಲೆಕ್ಕ ಕೇಳ್ರಿ. ಹಳೇ ಓಣಿ ಸುತ್ತಿ ಕ್ರಾಸ್‌ಗೆ ಹೋಗಿ ಬಂದ್ರ 8 ಕಿಲೋಮೀಟರ್. ದಿನಕ್ಕ 5 ಟ್ರಿಪ್, 40 ಕಿಲೋಮೀಟರ್. ಈ ರಸ್ತೆಗೆ ಲೀಟರಿಗೆ 10 ಕೊಡತೈತಿ. ಡೀಸೆಲ್ 90 ಹಿಡೀರಿ, 360. ಡ್ರೈವರ್ 500. ಟೈರು, ಆಯಿಲ್, ವಿಮಾ ಅಂತ 150 ತೆಗದಿಡಬೇಕು. ಒಟ್ಟು 1010. ಸೀಟಿಗೆ 20 ಇಟ್ರ ದಿನಕ್ಕ 51 ಸೀಟು ಬೇಕು, ಅಂದ್ರ ಹೋಗಾಗೂ ಬರಾಗೂ ಒಂದೊಂದು ಸಲಕ್ಕ ಹೆಚ್ಚುಕಡಿಮಿ ಐದು ಮಂದಿ. ಮೂರ ಮಂದಿ ಇದ್ರ ನನ್ನ ಕಿಸೆದಾಗಿನ 410 ಹೋಗತೈತಿ.

ಇನ್ನೊಂದು. ನನ್ನ ಪರ್ಮಿಟ್ ಮ್ಯಾಕ್ಸಿಕ್ಯಾಬ್, ಡ್ರೈವರ್ ಬಿಟ್ಟು 12 ಮಂದಿ. ಪೂರ್ತಿ ಗಾಡಿ ಒಬ್ಬರ ಹೆಸರಿಗೆ ಬಾಡಿಗಿ ಕೊಡಬಹುದು, ಬಸ್ಸಿನಂಗ ಒಬ್ಬೊಬ್ಬರ ಕಡೆ ಟಿಕೆಟ್ ರೊಕ್ಕ ಇಸ್ಕೊಳಾಕ ಬರಂಗಿಲ್ಲ. ಅಪಘಾತ ಆದ್ರ ವಿಮಾದವ್ರು ಅದನ್ನ ಹಿಡ್ಕೊಂಡು ತಕರಾರು ಮಾಡ್ತಾರ. ಸಂಘದ ಹೆಸರಿನ್ಯಾಗ ತಿಂಗಳ ಕರಾರು ಮಾಡ್ರಿ, ಮೊದಲ ಆರ್‌ಟಿಒದಾಗ ಬರಹದಾಗ ಕೇಳ್ರಿ. ಬಿಳಿ ಬೋರ್ಡ್ ಗಾಡಿ ಅಂತೂ ಬ್ಯಾಡ.

ಮಾಜಿ ಮೆಂಬರ್, 11:36
ಹೆಣ್ಮಕ್ಕಳಿಗೆ ಶಕ್ತಿ ಯೋಜನಾ ಐತಿ. 20 ರೂಪಾಯಿ ಯಾಕ ಕೊಡಬೇಕು? ಇದು ಮಾಲಕನ ಧಂದೆ.

ಹೊಲಿಗಿ ಅಕ್ಕ, 11:41
ಯಜಮಾನ್ರ, ಶಕ್ತಿ 2023 ಜೂನ್ 11ಕ್ಕ ಬಂತು, ನಮಗ ಭಾಳ ಅನುಕೂಲ ಆಗೇತಿ. ಆದ್ರ ಅದು ಬಸ್ ಹತ್ತಿದವ್ರಿಗೆ. ಕ್ರಾಸ್‌ತನಕ ನಡ್ಯಾಕ ಆಗದ ಮುದುಕಿಗೆ ಏನ್ ಬಂತು? ಮಗನ ಬೈಕಿಗೆ ಕಾಯಬೇಕು. ಮಗ ಬಂದ್ರ ಅವನ ಒಂದಿನದ ಪಗಾರ ಹೋತು, ಆಕಿ ಎರಡನೇ ಸಲ ಕೇಳಾಕ ಹಿಂಜರೀತಾಳ. ಗುಳಿಗಿ ಮುಗಿದ್ರೂ ಸುಮ್ಮನ ಇರ್ತಾಳ. ರೇಷನ್ನಿಗೆ ತಾನ ಹೆಬ್ಬಟ್ಟು ಒತ್ತಬೇಕು, ಬ್ಯಾಂಕಿಗೆ ತಾನ ಹೋಗಬೇಕು. 20 ರೂಪಾಯಿಗೆ ಯಾರ ಮುಖಾನೂ ನೋಡ್ದ ಹೋಗಿಬರೂ ಹಂಗಾದ್ರ ಆಕಿ ಕೊಡ್ತಾಳ.

ಪ್ಲಾಟ್ 31, 11:43
↪ ಫಾರ್ವರ್ಡ್: 🌹 ಶುಭ ರಾತ್ರಿ. ಬೆಳಿಗ್ಗೆ ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದರೆ 18 ರೋಗ ದೂರ. ಹತ್ತು ಜನರಿಗೆ ಕಳಿಸಿ 🙏

ಕಂಡಕ್ಟರ್ ಕಾಕಾ, 11:47
ಹತ್ತೂದಕ್ಕೂ ವ್ಯವಸ್ಥಾ ಬೇಕು. ಕ್ರೂಸರ್ ಮೆಟ್ಟಲ ಎತ್ತರ, ಮೊಣಕಾಲು ನೋವು ಇದ್ದವ್ರು ಹತ್ತಂಗಿಲ್ಲ. 8 ಇಂಚು ಎತ್ತರದ ಕಟಗಿ ಮಣಿ ಮಾಡ್ಸ್ರಿ, ಒಂದೂವರಿ ಅಡಿ ಅಗಲ. ಕಾಲಿಗೆ ಹಳೇ ಟೈರಿನ ತುಂಡು ಮೊಳಿ ಹೊಡೀರಿ, ಕೆಸರಾಗ ಜಾರಂಗಿಲ್ಲ. ಒಂದು ಹಗ್ಗ ಕಟ್ರಿ, ಡ್ರೈವರ್ ಕುಂತಲ್ಲಿಂದ ಎಳ್ಕೊಂಡು ಒಳಗ ಇಡಬಹುದು. ಟಂಟಂ ಮಾತ್ರ ನೆಚ್ಚಬ್ಯಾಡ್ರಿ. ಮಳಿ ಬಿದ್ರ ಎರಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡು ಮೆತ್ಕೊಂಡು ಗಾಲಿ ತಿರಗಂಗಿಲ್ಲ.

ಸೊಸೈಟಿ ಸರ್, 11:52
ರೊಕ್ಕದ ಮಾತು ಖರೆ ಐತಿ. ವೇಲ್ಸ್ ದೇಶದ ಕಾರ್ಮಾರ್ಥನ್‌ಶೈರ್ ಹಳ್ಳಿಗಳೊಳಗ 2009ರಾಗ ‘ಬುಕಬಸ್’ ಅಂತ ಇಂಥಾದ್ದ ಚಾಲೂ ಆಗಿತ್ತು. ಫೋನ್ ಮಾಡಿ ಹೇಳೂದು, ದೊಡ್ಡ ರೂಟಿನ ಬಸ್ಸಿಗೆ ಜೋಡಸೂದು. ಮಂದಿಗೆ ಬೇಕಾಗಿತ್ತು, ಆದ್ರೂ ಅನುದಾನ ನಿಂತ ಮ್ಯಾಲ 2023 ಅಕ್ಟೋಬರ್ ಕೊನಿಗೆ ಬಂದಾತು. ನೆದರ್ಲೆಂಡ್ಸ್‌ನ್ಯಾಗ 1977ರಿಂದ 8 ಸೀಟಿನ ‘ಬ್ಯೂರ್ಟ್‌ಬಸ್’ ಓಡತಾವು, ಊರವ್ರ ಪಾಳಿ ಮ್ಯಾಲ ಪುಕ್ಕಟೆ ಡ್ರೈವರ್. ಹಂಗ ನಮ್ಮಲ್ಲಿ 500 ಉಳಿದ್ರ ಸೀಟಿಗೆ 10ಕ್ಕ ಬರತೈತಿ. ಬ್ಯಾಡ್ಜ್ ಇದ್ದ ನಾಕು ಮಂದಿ ವಾರಕ್ಕ ಒಂದೂವರಿ ದಿನ ಕೊಡ್ರಿ. ನಾಳೆ ಸಂಜಿ 6ರೊಳಗ ಹೆಸರು ಬರೀರಿ.

ಮಾಜಿ ಮೆಂಬರ್, ಮುಂಜಾನೆ 6:12
ರಾತ್ರಿ ವಿಚಾರ ಮಾಡೇನಿ. ಗುಂಡಿ ಮುಚ್ಚಿದ್ರ ಬಸ್ ಬರತೈತಿ. ನನ್ನ ಟ್ರ್ಯಾಕ್ಟರ್ ಕೊಡ್ತೀನಿ.

ಗಿರಣಿ ಅಣ್ಣ, 6:20
ಗಾಡಿ ಮಾತು ಎಲ್ಲಿಗೆ ಬಂತ್ರಿ? ಬುಧವಾರ ಮತ್ತ ಡಯಾಲಿಸಿಸ್ ಐತಿ.

ಮಾಜಿ ಮೆಂಬರ್, 6:21
ಅದನ್ನ ಆಮ್ಯಾಲ ನೋಡೂನು.

ಹಳೇ ಓಣಿ ತಮ್ಮ, 6:30
ಗುಂಡಿ 40 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಆಳ. 240 ಘನ ಅಡಿ. ಟ್ರೈಲಿಗೆ 100 ಹಿಡೀತೈತಿ, ಬಡದ ಮ್ಯಾಲ ಕುಂದರತೈತಿ, 3 ಟ್ರೈಲಿ ಮುರುಮ್ ಬೇಕು. ಅಗದ ಎರಿ ಮಣ್ಣ ವಾಪಸ್ ಹಾಕಬ್ಯಾಡ್ರಿ, ಮಳಿಗಾಲಕ್ಕ ಮತ್ತ ಕುಸೀತೈತಿ. ಅರ್ಧ ಅರ್ಧ ಅಡಿ ಹಾಕಿ, ನೀರು ಹೊಡದು, ಧಮ್ಮಸ್ ಬಡೀಬೇಕು.

ಕ್ರೂಸರ್ ಮಾಲಕ, 6:34
ಮುರುಮ್ ಹಾಕೂದಾದ್ರ ತಿಪ್ಪಿನೂ ಆವತ್ತ ಎತ್ರಿ, ಜೆಸಿಬಿ ಒಂದ ಸಲ ಬರತೈತಿ.

ಮಾಜಿ ಮೆಂಬರ್, 6:35
ಈಗ ಬಂದ್ರಿ ದಾರಿಗೆ. ಜೆಸಿಬಿ ತಾಸಿಗೆ ಎಷ್ಟ ಕೇಳ್ತಾನ? ಪ್ಲಾಟಿಗೆ 150ರಂಗ ಪಟ್ಟಿ ಹಾಕೂನು.

ಪ್ಲಾಟ್ 31, 6:41
ನಮ್ಮ ಸಾಲಿಗೆ ಗುಂಡಿ ಇಲ್ಲ, ನಾವ್ಯಾಕ ಪಟ್ಟಿ ಕೊಡೂನು?

ಆಶಾ ಅಕ್ಕ, 7:02
ಡ್ರೈವರ್ ಪಾಳಿಗೆ ಇಲ್ಲೀತನಕ ಒಂದ ಹೆಸರು ಬಂದೈತಿ. ವಹಿ ನಾನ ಹಿಡೀತೀನಿ. ಬುಧವಾರ ಸಂಜಿ ಬಸ್ಸಿಗೆ ಕ್ರಾಸ್‌ನ್ಯಾಗ ನಿಂದ್ರಾಕ ಯಾರ ಗಾಡಿ ಐತಿ ಹೇಳ್ರಿ.

ಮಾಜಿ ಮೆಂಬರ್, 7:03
ಮುರುಮ್ ಕೆಂಪಂದು ತರಸೂದೋ, ಬಿಳೇದೋ? ಬೇಗ ಹೇಳ್ರಿ, ಕಣಿಗೆ ಫೋನ್ ಮಾಡಬೇಕು.