ಎರಡಿಂಚು ಪಂಪಿಗೆ ಮುಕ್ಕಾಲಿಂಚು ಪೈಪು ಕೂಡಿಸೋದು ಹ್ಯಾಂಗ್ರಿ?

ಪ್ರಶ್ನೆ (ಸಿಂಧನೂರು ಕಡೆ ಭತ್ತದ ರೈತ):
ನನ್ನ ಹತ್ರ ಪೆಟ್ರೋಲ್ ಇಂಜಿನ್ನಿನ ಎರಡಿಂಚು ಪಂಪ್ ಅದ. ಕಾಲುವಿಯಿಂದ ಗದ್ದಿಗೆ ನೀರು ಎತ್ತಲಾಕ ತಗೊಂಡಿದ್ದು. ಈಗ ಔಷಧ ಹೊಡಿಯೋ 200 ಲೀಟರ್ ಡ್ರಮ್ಮು ತುಂಬಬೇಕು, ಡ್ರಮ್ಮು ಇರೋದು 30 ಮೀಟರ್ ಆಚೆ. ಮನ್ಯಾಗ ಮುಕ್ಕಾಲಿಂಚಿನ ಹಸಿರು ಪೈಪ್ ಇತ್ತು. ನೀರು ಎಳಿಯೋ ಸಕ್ಷನ್ ಕಡೆ, ಹೊರಗ ಬಿಡೋ ಡೆಲಿವರಿ ಕಡೆ, ಎರಡೂ ಕಡೆ ರೆಡ್ಯೂಸರ್ (ಬಾಯಿ ಇಳಿಸೋ ಜೋಡಣಿ) ಹಾಕಿ ಸಣ್ಣದು ಮಾಡಿದೆ. ಸ್ಟಾರ್ಟ್ ಮಾಡಿದ್ರ ಒಳಗ ಕಡಿ ಹುರಿದಂಗ ಸದ್ದು, ನೀರು ಮಾತ್ರ ಎಳಿಯಷ್ಟು. ಸಕ್ಷನ್ ಕಡೆ ಮೊದಲಿನ ದಪ್ಪ ಪೈಪೇ ಹಾಕಿದೆ. ಆಗ ಹಸಿರು ಪೈಪು ಕ್ಲಾಂಪ್ ಸಮೇತ ಕಿತ್ಕೊಂಡು ಹಾರಿ, ಮೇಯ್ತಿದ್ದ ಎಮ್ಮಿ ಮೈಯೆಲ್ಲ ತೋಯಿತು. ಎಮ್ಮಿಗೇನೋ ಖುಷಿ. ಇನ್ನೊಂದು, ಅಂಗಡ್ಯಾಗ 50 ಎಂಎಂ ಫಿಟ್ಟಿಂಗ್ ತಂದ್ರ ಎರಡಿಂಚಿಗೆ ಕೂಡ್ಲಿಲ್ಲ. ಯಾಕ?

ಉತ್ತರ (ಗಂಗಾವತಿಯ ಪಂಪ್ ಮೆಕ್ಯಾನಿಕ್):
ಆ ಕಡಿ ಸದ್ದಿಂದ ಶುರು ಮಾಡೋಣ. ಪಂಪು ನೀರನ್ನ ಹಗ್ಗ ಕಟ್ಟಿ ಎಳೆಯೋದಿಲ್ಲ ರೀ. ಒಳಗೆ ಒತ್ತಡ ಇಳಿಸ್ತದೆ ಅಷ್ಟೇ, ನೀರನ್ನ ಒಳಗೆ ನೂಕೋದು ಹೊರಗಿನ ಗಾಳಿಯ ಭಾರ. ಅದಕ್ಕಿರೋ ಶಕ್ತಿ ಲೆಕ್ಕದ ಪ್ರಕಾರ ನೀರನ್ನ ಸುಮಾರು 10 ಮೀಟರ್ ಎತ್ತೋಷ್ಟು, ಗದ್ದೆಯಲ್ಲಿ 7 ಮೀಟರ್ ಸಿಕ್ಕರೆ ಪುಣ್ಯ. ಸಕ್ಷನ್ ಬಾಯಿ ಸಣ್ಣದು ಮಾಡಿದ್ರೆ ಆ ಶಕ್ತಿ ಪೈಪಿನ ತಿಕ್ಕಾಟಕ್ಕೇ ಖರ್ಚು. ಇಂಪೆಲ್ಲರ್ (ಪಂಪಿನೊಳಗೆ ತಿರುಗೋ ರೆಕ್ಕೆ ಚಕ್ರ) ಹತ್ರ ನೀರು ತಣ್ಣಗಿದ್ದಂಗೇ ಆವಿಯಾಗಿ ಗುಳ್ಳೆ ಏಳ್ತದೆ, ಆ ಗುಳ್ಳೆ ಒಡೆಯೋ ಸದ್ದೇ ನೀವು ಕೇಳಿದ್ದು. ಹಿಂಗೆ ಬಹಳ ದಿನ ಓಡಿಸಿದ ಪಂಪ್ ಬಿಚ್ಚಿದ್ರೆ ಇಂಪೆಲ್ಲರ್ ಗೆದ್ದಲು ತಿಂದ ಕಟ್ಟಿಗೆಯಂಗೆ ಇರ್ತದೆ. ಸಕ್ಷನ್ ಎರಡಿಂಚು ಅಂದ್ರೆ ಎರಡಿಂಚೇ, ಇದರಲ್ಲಿ ರಾಜಿ ಇಲ್ಲ.

ಡೆಲಿವರಿ ಕಡೆ ಸಣ್ಣದು ಮಾಡಬಹುದು. ಆದ್ರೆ ಮುಕ್ಕಾಲಿಂಚಿನ ಬಾಯಿಯ ವಿಸ್ತೀರ್ಣ ಎರಡಿಂಚಿನದರ ಏಳನೇ ಒಂದು ಪಾಲು. ನಿಮಿಷಕ್ಕೆ 500 ಲೀಟರ್ ಮೇಲೆ ತಳ್ಳೋ ಪಂಪಿಗೆ, 30 ಮೀಟರ್ ಮುಕ್ಕಾಲಿಂಚಲ್ಲಿ 60 ಲೀಟರ್ ಹೋದ್ರೆ ಹೆಚ್ಚು. ಮಿಕ್ಕಿದ್ದೆಲ್ಲ ಒತ್ತಡ ಆಗಿ ನಿಲ್ತದೆ, ಚದರ ಸೆಂಟಿಮೀಟರಿಗೆ ಎರಡೂವರೆ ಮೂರು ಕೆಜಿ. ಬಿಸಿಲಿಗೆ ಮೆತ್ತಗಾದ ಹಸಿರು ಪೈಪು ಅದನ್ನ ತಡೀತದಾ? ಪೂರ್ತಿ ಬಂದ್ ಮಾಡಿ ಓಡಿಸಿದ್ರಂತೂ ಒಳಗಿನ ನೀರು ಅಲ್ಲೇ ತಿರುಗಿ ಕಾಯ್ತದೆ, ಸೀಲ್ ಹೋಗ್ತದೆ.

ಅದಕ್ಕೆ ಹೆಚ್ಚಿನ ನೀರಿಗೆ ವಾಪಸ್ ದಾರಿ ಕೊಡಿ. ಪಂಪಿನ ಬಾಯಿಂದ ಎರಡಡಿ ದಪ್ಪ ಪೈಪ್ ಬಿಟ್ಟು, ನೆಲದ ಮೇಲೆ ಎರಡಿಂಚಿನ ಟೀ (ಮೂರು ಬಾಯಿಯ ಜೋಡಣೆ) ಇಡಿ. ಒಂದು ಬಾಯಿಗೆ ಬಾಲ್ ವಾಲ್ ಹಾಕಿ ಪೈಪನ್ನ ಕಾಲುವೆಗೇ ಬಿಡಿ, ಇನ್ನೊಂದಕ್ಕೆ ಎರಡಿಂಚಿಂದ ಒಂದಿಂಚಿಗೆ ಇಳಿಸೋ ರೆಡ್ಯೂಸರ್, ಅದಕ್ಕೆ ಪೈಪ್ ತೂರಿಸೋ ಹೋಸ್ ನಿಪ್ಪಲ್, ಎರಡು ಕ್ಲಾಂಪ್. ವಾಲ್ ಪೂರ್ತಿ ತೆರೆದು ಸ್ಟಾರ್ಟ್ ಮಾಡಿ, ಆಮೇಲೆ ನಿಧಾನಕ್ಕೆ ಮುಚ್ಚುತ್ತಾ ಬನ್ನಿ. ಕಬ್ಬಿಣದ ಸಾಮಾನೆಲ್ಲ ಪಂಪಿನ ಬಾಯಿಗೇ ನೇತು ಹಾಕಬೇಡಿ, ಅಲ್ಯೂಮಿನಿಯಂ ಬಾಡಿ ಸೀಳಿ ಬಂದದ್ದು ನನ್ನ ಅಂಗಡಿ ಮೂಲೆಯಲ್ಲೇ ನಾಲ್ಕಿವೆ. ದುಡ್ಡಿದ್ರೆ ಹಸಿರು ಪೈಪ್ ಬಿಟ್ಟು ಒಳಗೆ ನೂಲಿನ ಹೆಣಿಗೆ ಇರೋ ಒಂದಿಂಚಿನ ಬ್ರೇಡೆಡ್ ಪೈಪ್ ತಗೊಳ್ಳಿ, ಅದೇ ಒತ್ತಡಕ್ಕೆ ನೀರು ಎರಡು ಪಟ್ಟು.

50 ಎಂಎಂ ಗೊಂದಲ ಎಲ್ಲರಿಗೂ ಆಗೋದೇ. ನಮ್ಮ ಪಿವಿಸಿ ಪೈಪಿಗೆ ಹೇಳೋ ಎಂಎಂ ಹೊರಗಿನ ಅಳತೆ. 50 ಅಂದ್ರೆ ಒಂದೂವರೆ ಇಂಚು, ಎರಡಿಂಚಿಗೆ 63, ಒಂದಿಂಚಿಗೆ 32. ಪಂಪಿನ ಥ್ರೆಡ್ ಮೇಲೆ ಸ್ಕೇಲ್ ಇಟ್ಟರೆ ಒಂದಿಂಚಿನದು 33 ಎಂಎಂ ಬರ್ತದೆ, ಅದನ್ನ ಒಂದೂಕಾಲು ಅಂತ ತಗೊಂಡು ಹೋದೋರು ಬಹಳ ಮಂದಿ. ಪಂಪನ್ನೇ ಅಂಗಡಿಗೆ ತಗೊಂಡು ಹೋಗಿ, ಕೂಡಿಸಿ ನೋಡಿ ತನ್ನಿ.

ಇನ್ನೊಂದು ಮಾತು, ನೀವು ಕೇಳಿಲ್ಲ. ಪೈಪಿನ ತುದಿ ಡ್ರಮ್ಮಿನ ಔಷಧದಲ್ಲಿ ಮುಳುಗಿಸಬೇಡಿ. ಇಂಜಿನ್ ನಿಂತ ಗಳಿಗೆ ಸೈಫನ್ ಆಗಿ ಔಷಧ ಅದೇ ದಾರಿಯಲ್ಲಿ ಕಾಲುವೆಗೆ ಇಳೀತದೆ. ಕೆಳಗಿನ ಊರೋರು ಕುಡಿಯೋದು ಅದೇ ತುಂಗಭದ್ರಾ ನೀರು. ತುದಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆ ಕಟ್ಟಿ, ಮೊದಲು ನೀರು, ಆಮೇಲೆ ಔಷಧ.

ಕಾರಟಗಿಯಿಂದ ಇನ್ನೊಬ್ಬರು:
ಕಟಾವು ಮಷಿನ್ನಿಗೆ ಡೀಸೆಲ್ ಹಾಕೋ 12 ವೋಲ್ಟ್ ಪಂಪ್ ಐತಿ. ಒಂದಿಂಚು ಬಾಯಿ, ಡೀಸೆಲ್ ಬಿಡೋ ಗನ್ ಮುಕ್ಕಾಲಿಂಚು. ಒಂದಿಂಚಿನ ನಿಪ್ಪಲ್ ಎರಡು ಸುತ್ತು ಹೋಗಿ ಜಾಮ್ ಆಗೈತಿ. ಪೈಪ್ ಪಾನಾ ಹಚ್ಚಿ ತಿರುಗಿಸಲೇನು?

ಮೆಕ್ಯಾನಿಕ್:
ಬೇಡ! ಅದು ಅಮೆರಿಕದ ಅಳತೆಯ ಎನ್‌ಪಿಟಿ ಥ್ರೆಡ್ ಇರಬೇಕು. ನಮ್ಮಲ್ಲಿ ನಡೆಯೋ ಬ್ರಿಟಿಷ್ ಅಳತೆ ಬಿಎಸ್‌ಪಿಯಲ್ಲಿ ಒಂದಿಂಚಿನ ಥ್ರೆಡ್ಡಿಗೆ ಪ್ರತಿ ಇಂಚಿಗೆ 11 ಹಲ್ಲು, ಎನ್‌ಪಿಟಿಯಲ್ಲಿ ಹನ್ನೊಂದೂವರೆ. ಎರಡು ಸುತ್ತು ಕೂಡಿದಂಗೆ ಮಾಡಿ ಮೋಸ ಮಾಡ್ತದೆ. ಎನ್‌ಪಿಟಿ-ಬಿಎಸ್‌ಪಿ ಅಡಾಪ್ಟರ್ ಕೇಳಿ ತರಿಸಿ. ನಿಮ್ಮದು ಒಳಗಿನ ಅಲಗುಗಳು ಎಣ್ಣೆ ನೂಕೋ ವೇನ್ ಪಂಪ್, ದಾರಿ ಮುಚ್ಚಿದ್ರೆ ಒತ್ತಡ ಏರುತ್ತಲೇ ಹೋಗ್ತದೆ. ಬೈಪಾಸ್ (ಒಳಗೇ ವಾಪಸ್ ಹೋಗೋ ದಾರಿ) ಇದ್ರೂ ಗನ್ ಮುಚ್ಚಿ ಎರಡು ನಿಮಿಷದ ಮೇಲೆ ಓಡಿಸಬೇಡಿ. ಪೈಪು ನೈಟ್ರೈಲ್ ರಬ್ಬರಿಂದೇ ಆಗ್ಬೇಕು, ನೀರಿನ ಪೈಪ್ ಡೀಸೆಲ್‌ಗೆ ಗಟ್ಟಿಯಾಗಿ ಸೀಳ್ತದೆ. ಆ ಪಂಪಲ್ಲಿ ಪೆಟ್ರೋಲ್ ಅಂತೂ ಎತ್ತಲೇಬೇಡಿ, ಮೋಟ್ರಿನ ಒಂದು ಕಿಡಿ ಸಾಕು.

ಸಿಂಧನೂರು ರೈತ, ನಾಲ್ಕು ದಿನ ಬಿಟ್ಟು:
ಟೀ ಹಾಕಿದೆ, ಒಂದಿಂಚಿನ ಪೈಪೂ ತಂದೆ. ಎರಡು ನಿಮಿಷ ಚಿಲ್ಲರೆಗೆ ಡ್ರಮ್ಮು ತುಂಬ್ತು, ಕಡಿ ಸದ್ದಿಲ್ಲ. ರೆಡ್ಯೂಸರ್ ಹತ್ರ ಮಾತ್ರ ಹನಿ ಹನಿ ಸೋರ್ತದ.

ಮೆಕ್ಯಾನಿಕ್:
ಟೆಫ್ಲಾನ್ ಟೇಪ್ ಯಾವ ಕಡೆ ಸುತ್ತಿದ್ರಿ?

ರೈತ:
ಎಡಕ್ಕ.

ಮೆಕ್ಯಾನಿಕ್:
ನಿಪ್ಪಲ್ ಬಿಗಿ ಮಾಡೋವಾಗ ಟೇಪೇ ಬಿಚ್ಕೊಂಡು ಬಂದದೆ. ಥ್ರೆಡ್ಡಿನ ತುದಿ ನಿಮ್ಮ ಕಡೆ ಹಿಡ್ಕೊಂಡು ಗಡಿಯಾರದ ಮುಳ್ಳು ಹೋದಂಗೆ ಹತ್ತು ಸುತ್ತು ಹಾಕಿ.